ಹದಿನಾರು ಪುಟದಲ್ಲಿ ಅನಂತ ಪೈ

"ಟೀಚರ್, ಮೇಜಿನ ಮುಂದೆ ಕೂತ ಮನುಷ್ಯನನ್ನು ಎಷ್ಟು ಸಲ ಅಂತ ಬಿಡಿಸುವುದು?"

ನನ್ನ ಹಳೇ ವಿದ್ಯಾರ್ಥಿ ಹೀಗೆ ಕೇಳಿದಾಗ ಐದನೇ ಪುಟದ ಪೆನ್ಸಿಲ್ ಕೆಲಸ ನಡೆಯುತ್ತಿತ್ತು. ಅವನು ಕೇಳಿದ್ದು ಸರಿಯೇ. ನಾವು ಮಾಡಲು ಹೊರಟದ್ದು ಮಕ್ಕಳಿಗಾಗಿ ಒಂದು ಚಿತ್ರಕಥೆ. ಕಥಾನಾಯಕ ಅನಂತ ಪೈ. ಅಮರ ಚಿತ್ರ ಕಥೆ ಅನ್ನುವ ಕಾಮಿಕ್ಸ್ ಮಾಲೆ, ಟಿಂಕಲ್ ಅನ್ನುವ ಮಕ್ಕಳ ಪತ್ರಿಕೆ ಎರಡನ್ನೂ ಕಟ್ಟಿ ಬೆಳೆಸಿದ ಸಂಪಾದಕರು, ದೇಶದ ಮಕ್ಕಳೆಲ್ಲ ಅಂಕಲ್ ಪೈ ಅಂತ ಕರೆದವರು. ಆದರೆ ಸಂಪಾದಕರು ಕುದುರೆ ಏರುವುದಿಲ್ಲ, ಕತ್ತಿ ಹಿಡಿಯುವುದಿಲ್ಲ. ಓದುತ್ತಾರೆ, ಗೆರೆ ಹೊಡೆಯುತ್ತಾರೆ, ಮತ್ತೆ ಬರೆಸುತ್ತಾರೆ. ಪತ್ರ ಬಂದರೆ ಉತ್ತರ ಬರೆಯುತ್ತಾರೆ. ಇದನ್ನು ಚೌಕ ಚೌಕವಾಗಿ ಚಿತ್ರ ಮಾಡಿ, ಆರನೇ ಕ್ಲಾಸಿನ ಮಗು ಬೇಜಾರಿಲ್ಲದೆ ಪುಟ ತಿರುಗಿಸುವ ಹಾಗೆ ಮಾಡಬೇಕು ಅಂದರೆ ಹೇಗೆ?

ಈ ಕೆಲಸ ಎಂಟು ತಿಂಗಳು ಹಿಡಿಯಿತು. ನಾನು ಕಾರ್ಕಳ ತಾಲೂಕಿನ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಕಾಮಿಕ್ಸ್ ಮಾಡಿ ಗೊತ್ತಿದ್ದವಳಲ್ಲ. ಮುಂದೆ ಯಾರಾದರೂ ಇಂಥದ್ದಕ್ಕೆ ಕೈ ಹಾಕಿದರೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಶುರುವಾದದ್ದು ನಮ್ಮ ಲೈಬ್ರರಿಯ ಬೀರುವಿನಿಂದ. ಮಳೆಗಾಲಕ್ಕೆ ಮುಂಚೆ ಪುಸ್ತಕಗಳನ್ನು ಹೊರಗೆ ಹಾಕಿ ಬಿಸಿಲು ಕಾಣಿಸುವುದು ನಮ್ಮಲ್ಲಿ ಪ್ರತಿ ವರ್ಷದ ಕೆಲಸ. ಇಲ್ಲಿನ ಮಳೆ ಗೊತ್ತಲ್ಲ, ಜುಲೈ ಬಂದರೆ ಪುಸ್ತಕದ ಬೆನ್ನಿಗೆಲ್ಲ ಬೂಸ್ಟು ಹಿಡಿಯುತ್ತದೆ. ಆ ರಾಶಿಯಲ್ಲಿ ಕನ್ನಡದ ಹಳೇ ಅಮರ ಚಿತ್ರ ಕಥೆ 37 ಸಿಕ್ಕವು. ಪಿನ್ನುಗಳೆಲ್ಲ ತುಕ್ಕು ಹಿಡಿದು ನಡುಪುಟದ ಮೇಲೆ ಕಂದು ಕಲೆ ಬಿಟ್ಟಿದ್ದವು. ಕಾಗದ ಹಳದಿಯಾಗಿತ್ತು. ಆದರೂ ಮಕ್ಕಳು ಅದನ್ನು ಬಿಟ್ಟು ಏಳಲಿಲ್ಲ. ಒಬ್ಬಳು ಒಳಪುಟದಲ್ಲಿ "ಸಂಪಾದಕ: ಅನಂತ ಪೈ" ಅಂತ ಇದ್ದದ್ದನ್ನು ಬೆರಳಿಟ್ಟು ಓದಿದಳು. ಇವರು ನಮ್ಮ ಕಾರ್ಕಳದವರೇ ಅಂತ ಹೇಳಿದೆ. ಅವಳ ಕಣ್ಣು ಅಗಲವಾಯಿತು.

"ಟೀಚರ್, ಈ ಚಿತ್ರ ಎಲ್ಲ ಇವರೇ ಬಿಡಿಸಿದ್ದಾ?"

"ಇಲ್ಲ."

"ಕಥೆ ಬರ್ದದ್ದು?"

"ಕೆಲವು."

"ಮತ್ತೆ ಎಂತ ಮಾಡಿದ್ದು ಇವರು?"

ನಾನು ಏನೋ ಹೇಳಿದೆ. ಆ ಉತ್ತರ ಅವಳಿಗೂ ಸಾಕಾಗಲಿಲ್ಲ, ನನಗೂ ಸಾಕಾಗಲಿಲ್ಲ. ಅಲ್ಲಿಂದ ಹುಟ್ಟಿದ ಯೋಚನೆ ಇದು.

ದುಡ್ಡು ಕೊಟ್ಟವರು ಶಾಲೆಯ ಹಳೇ ವಿದ್ಯಾರ್ಥಿಗಳು. 500 ಪ್ರತಿ, ಒಳಗೆ 16 ಪುಟ, ಮೇಲೆ ದಪ್ಪ ಕಾಗದದ ಹೊದಿಕೆ. ಪುಟದ ಲೆಕ್ಕ ಯಾವಾಗಲೂ ನಾಲ್ಕರ ಮಗ್ಗಿಯಲ್ಲೇ ಬರಬೇಕು, ಯಾಕೆಂದರೆ ಹಾಳೆ ಮಡಿಚಿ ನಡುವೆ ಪಿನ್ ಹೊಡೆಯುವುದು. 18 ಪುಟ ಮಾಡ್ತೀನಿ ಅಂದರೆ ಪ್ರೆಸ್ಸಿನವರು ನಗುತ್ತಾರೆ. ಚಿತ್ರ ಬಿಡಿಸಲು ನನ್ನ ಹಳೇ ವಿದ್ಯಾರ್ಥಿ ಒಪ್ಪಿದ. ಅವನು ಮಂಗಳೂರಿನಲ್ಲಿ ಚಿತ್ರಕಲೆ ಕಲಿತು ಈಗ ಜಾಹೀರಾತಿನ ಕೆಲಸ ಮಾಡಿಕೊಂಡಿದ್ದಾನೆ. ಬರೆಯುವುದು ನಾನು. ಇನ್ನೊಬ್ಬರು ಬೇಕೇ ಬೇಕಿತ್ತು. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡಿದವರು, ಈಗ ಮನೆಯಲ್ಲೇ ಇರುತ್ತಾರೆ. ಅವರ ಹತ್ತಿರ ಹೋಗಿ ಕೇಳಿದೆ. "ಎಲ್ಲಿ, ಬರ್ದದ್ದು ಕೊಡು ನೋಡುವ" ಅಂದರು. ಹೀಗೆ ನಮ್ಮ ಪುಸ್ತಕಕ್ಕೂ ಒಬ್ಬ ಸಂಪಾದಕರು ಸಿಕ್ಕರು.

ನಾನು ಮೊದಲ ಚೌಕಕ್ಕೆ ಬರೆದದ್ದು ಹೀಗಿತ್ತು: "ಪಶ್ಚಿಮ ಘಟ್ಟದ ತಪ್ಪಲಿನಲ್ಲಿ, ಜೈನ ಬಸದಿಗಳಿಂದಲೂ ಬಾಹುಬಲಿಯ ಭವ್ಯ ಏಕಶಿಲಾ ಮೂರ್ತಿಯಿಂದಲೂ ಪ್ರಸಿದ್ಧವಾದ ಕಾರ್ಕಳ ಎಂಬ ಊರಿನಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, 1929ರ ಸೆಪ್ಟೆಂಬರ್ 17ರಂದು ವೆಂಕಟರಾಯ ಪೈ ಮತ್ತು ಸುಶೀಲಾ ಪೈ ದಂಪತಿಗೆ ಒಂದು ಗಂಡು ಮಗು ಜನಿಸಿತು." ದೊಡ್ಡಪ್ಪ ಕನ್ನಡಕ ಏರಿಸಿ ಓದಿದರು. ಕೆಂಪು ಪೆನ್ನು ತೆಗೆದು ಎಲ್ಲದರ ಮೇಲೂ ಉದ್ದಕ್ಕೆ ಒಂದು ಗೆರೆ ಎಳೆದರು. ಕೊನೆಗೆ ಉಳಿದದ್ದು: "ಕಾರ್ಕಳ, 1929." ಅಷ್ಟೇ.

"ಗೊಮ್ಮಟ ಚಿತ್ರದಲ್ಲಿ ಕಾಣ್ತದಲ್ಲ? ಕಾಣುವುದನ್ನು ಪುನಃ ಅಕ್ಷರದಲ್ಲಿ ಯಾಕೆ ಹೇಳ್ತಿ?"

ಆ ಒಂದು ಗೆರೆಯಿಂದ ನಾನು ಕಲಿತದ್ದು ಜಾಸ್ತಿ. ಕಾಮಿಕ್ಸ್‌ನಲ್ಲಿ ಬರೆಯುವವರ ಅರ್ಧ ಕೆಲಸ ಸುಮ್ನೆ ಇರುವುದು. ಚಿತ್ರ ಹೇಳುವುದನ್ನು ಚಿತ್ರಕ್ಕೆ ಬಿಡಬೇಕು. ಚಿತ್ರಕ್ಕೆ ಹೇಳಲು ಆಗದ್ದನ್ನು, ಇಸವಿ, ಹೆಸರು, ಮನಸ್ಸಿನೊಳಗಿನ ಮಾತು, ಅದನ್ನಷ್ಟೇ ಬರೆಯಬೇಕು.

ಬದುಕಿನ ಮೊದಲ ಭಾಗ ನಾಲ್ಕೇ ಚೌಕದಲ್ಲಿ ಮುಗಿಯಿತು. ಎರಡು ವರ್ಷ ತುಂಬುವಾಗ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಆ ಚೌಕಕ್ಕೆ ಒಂದು ಅಕ್ಷರವೂ ಇಲ್ಲ, ಖಾಲಿ ಜಗುಲಿಯಲ್ಲಿ ಒಂದು ಮಗು ಕೂತಿದೆ. ಹನ್ನೆರಡನೇ ವಯಸ್ಸಿಗೆ ಮುಂಬೈ. ಮಾಹಿಮ್‌ನ ಓರಿಯಂಟ್ ಸ್ಕೂಲ್. ಆಮೇಲೆ ಬಾಂಬೆ ವಿಶ್ವವಿದ್ಯಾಲಯದ ಕೆಮಿಕಲ್ ಟೆಕ್ನಾಲಜಿ ವಿಭಾಗ. ಕಾರ್ಕಳ, ಉಡುಪಿ, ಮಂಗಳೂರು ಕಡೆಯ ಎಷ್ಟು ಹುಡುಗರು ಆ ಕಾಲದಲ್ಲಿ ಮುಂಬೈಗೆ ಹೋಗಲಿಲ್ಲ ಹೇಳಿ! ಹೋಟೆಲಿಗೆ ಹೋದರು, ಬ್ಯಾಂಕಿಗೆ ಹೋದರು. ಈ ಹುಡುಗ ಕೆಮಿಸ್ಟ್ರಿ ಓದಿ ಪತ್ರಿಕೆ ಮಾಡಲು ಹೋದ.

ಆ ಪತ್ರಿಕೆಯ ಹೆಸರು ಮಾನವ್. 1954ರಲ್ಲಿ ಮಕ್ಕಳಿಗಾಗಿ ತಂದದ್ದು. ಅದು ನಡೆಯಲಿಲ್ಲ. ನಮ್ಮ ಹಳೇ ವಿದ್ಯಾರ್ಥಿಗಳಲ್ಲಿ ಒಬ್ಬರು "ಸೋತದ್ದನ್ನು ಮಕ್ಕಳಿಗೆ ಯಾಕೆ ತೋರಿಸುವುದು ಟೀಚರ್, ಜಾಗ ಹೇಗೂ ಕಡಿಮೆ" ಅಂದರು. ನಾನು ಒಪ್ಪಲಿಲ್ಲ. ಅಮರ ಚಿತ್ರ ಕಥೆ ಬರುವುದು 1967ರಲ್ಲಿ. ನಡುವೆ ಹದಿಮೂರು ವರ್ಷ ಇದೆ. ಆ ಹದಿಮೂರು ವರ್ಷ ಬಿಟ್ಟುಬಿಟ್ಟರೆ ಎಲ್ಲ ಒಂದೇ ದಿನಕ್ಕೆ ಆದ ಹಾಗೆ ಕಾಣುತ್ತದೆ. ಮಕ್ಕಳಿಗೆ ಹಾಗೆ ಸುಳ್ಳು ಹೇಳಬಾರದು ಅಲ್ವಾ? ಮಾನವ್ ಅರ್ಧ ಪುಟ ಪಡೆಯಿತು. ಕಟ್ಟು ಕಟ್ಟಿಟ್ಟ ಪತ್ರಿಕೆಗಳ ಪಕ್ಕದಲ್ಲಿ ಒಬ್ಬ ಯುವಕ ನಿಂತಿದ್ದಾನೆ. ಮುಂದಿನ ಅರ್ಧ ಪುಟದಲ್ಲಿ ಅವರು ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗಕ್ಕೆ ಸೇರುತ್ತಾರೆ. ಟೈಮ್ಸ್ ಸಂಸ್ಥೆ 1964ರಲ್ಲಿ ಇಂದ್ರಜಾಲ್ ಕಾಮಿಕ್ಸ್ ಶುರು ಮಾಡಿತು. ಫ್ಯಾಂಟಮ್, ಮ್ಯಾಂಡ್ರೇಕ್ ನಮ್ಮ ಮಕ್ಕಳ ಕೈಗೆ ಬಂದದ್ದು ಆ ದಾರಿಯಲ್ಲಿ, ಅದರಲ್ಲಿ ಪೈ ಅವರ ಪಾಲೂ ಇತ್ತು. ಅಂದರೆ ಮುಖವಾಡ ಹಾಕಿದ ಕಾಡಿನ ವೀರನನ್ನು ತಂದವರಲ್ಲೊಬ್ಬರೇ ಆಮೇಲೆ ಕೃಷ್ಣನನ್ನೂ ತಂದರು. ಕೆಲಸ ಕಲಿತದ್ದು ಅಲ್ಲೇ.

ಇನ್ನು ಟಿವಿಯ ಪುಟ. ಇದಕ್ಕೆ ಮೂರು ವಾರ ಹಿಡಿಯಿತು.

ಕಥೆ ಗೊತ್ತಿದ್ದವರಿಗೆ ಗೊತ್ತೇ ಇರುತ್ತದೆ. 1967ರ ಫೆಬ್ರವರಿ. ಪೈ ಅವರು ದೆಹಲಿಗೆ ಹೋಗಿದ್ದರು. ಒಂದು ಪುಸ್ತಕದಂಗಡಿಯ ಟಿವಿಯಲ್ಲಿ ಕಾಲೇಜು ಹುಡುಗರ ರಸಪ್ರಶ್ನೆ ಬರುತ್ತಿತ್ತು. ಗ್ರೀಕ್ ದೇವತೆಗಳ ಬಗ್ಗೆ ಕೇಳಿದ್ದಕ್ಕೆ ಪಟಪಟ ಉತ್ತರ ಬಂತು. ರಾಮನ ತಾಯಿ ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಅಲ್ಲೇ ಅವರ ಮನಸ್ಸಿಗೆ ನಾಟಿತು.

ನಮ್ಮ ಹುಡುಗ ಮೊದಲು ಬಿಡಿಸಿದ್ದು ಪೈ ಅವರು ಮುಂಬೈ ಮನೆಯ ಸೋಫಾದಲ್ಲಿ ಕೂತು ಟಿವಿ ನೋಡುವ ಹಾಗೆ. ಚಿತ್ರ ಚೆನ್ನಾಗಿತ್ತು. ದೊಡ್ಡಪ್ಪ ನೋಡಿದ ಕೂಡಲೇ ಪಕ್ಕಕ್ಕಿಟ್ಟರು. "1967ರಲ್ಲಿ ಮುಂಬೈಗೆ ಟಿವಿ ಬಂದಿತ್ತೋ?" ಬಂದಿರಲಿಲ್ಲ. ಆಗ ದೇಶದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಮುಂಬೈ ಕೇಂದ್ರ ಶುರುವಾದದ್ದು 1972ರಲ್ಲಿ. ಅಂದರೆ ಪೈ ಅವರಿಗೆ ಟಿವಿ ಅನ್ನುವುದೇ ಒಂದು ಹೊಸ ನೋಟ. ಅದಕ್ಕೇ ಅಂಗಡಿಯ ಮುಂದೆ ಜನ ನಿಂತು ನೋಡಿರಬೇಕು. ಇಷ್ಟು ತಿಳಿದ ಮೇಲೆ ಇಡೀ ಪುಟ ಬದಲಾಯಿತು. ಸೋಫಾ ಹೋಯಿತು, ಗುಂಪು ಬಂತು. ಟಿವಿ ಪೆಟ್ಟಿಗೆ ಮರದ್ದು, ಪರದೆ ಚಿಕ್ಕದು, ಮೂಲೆಗಳು ಗುಂಡಗೆ. ಪುಟ ಪೂರ್ತಿ ಬಣ್ಣದಲ್ಲಿದ್ದರೂ ಪರದೆಯೊಳಗೆ ಮಾತ್ರ ಬೂದು. ಉತ್ತರ ಗೊತ್ತಿಲ್ಲದ ಹುಡುಗರ ಮುಖಗಳು ಆ ಬೂದು ಚೌಕದಲ್ಲಿ, ಅದನ್ನು ನೋಡುತ್ತಿರುವ ಪೈ ಅವರ ಕನ್ನಡಕದ ಗಾಜಿನಲ್ಲೂ ಅದೇ ಬೂದು ಚೌಕ ಪುಟ್ಟದಾಗಿ ಮತ್ತೊಮ್ಮೆ. ಇದು ಹುಡುಗನದೇ ಯೋಚನೆ. ನಾನು ಬರೆದುಕೊಟ್ಟದ್ದಲ್ಲ. ಇಡೀ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಚೌಕ ಅದು.

ಅಲ್ಲಿಂದ ಮುಂದೆ ಅವರು ಕೆಲಸ ಬಿಟ್ಟು ಪ್ರಕಾಶಕರ ಬಾಗಿಲು ತಟ್ಟಿದ್ದು, ಹಲವರು ಬೇಡ ಅಂದದ್ದು, ಕೊನೆಗೆ ಇಂಡಿಯಾ ಬುಕ್ ಹೌಸ್‌ನ ಜಿ. ಎಲ್. ಮೀರ್‌ಚಂದಾನಿ ಒಪ್ಪಿದ್ದು. ಇದು ಒಂದೇ ಪುಟ.

ಆದರೆ ಇಲ್ಲಿ ನಮ್ಮ ಕೆಲಸ ಒಂದು ವಿಷಯದಲ್ಲಿ ಸಿಕ್ಕಿಕೊಂಡಿತು. ಪೈ ಅವರ ಮೊದಲ ಪುಸ್ತಕ ಕೃಷ್ಣ. ಭಾಗವತದ ಕಥೆ, ಚಿತ್ರ ರಾಮ್ ವಾಯೀರ್ಕರ್ ಅವರದು. ಅದರ ಕ್ರಮಸಂಖ್ಯೆ 11! ಹಾಗಾದರೆ 1ರಿಂದ 10 ಏನಾಯಿತು? ಆ ಹತ್ತೂ ಸಿಂಡ್ರೆಲಾ, ಅಲಾದ್ದೀನ್ ತರಹದ ಹೊರಗಿನ ಕಥೆಗಳು. ಇಲ್ಲಿಯೇ ಕನ್ನಡದ ಮಾತು ಬರುತ್ತದೆ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ಗೆ ಕೆಲಸ ಮಾಡುತ್ತಿದ್ದ ಜಿ. ಕೆ. ಅನಂತರಾಮ್ ಅವರು 1965ರಲ್ಲೇ ಈ ಕಥೆಗಳನ್ನು ಕನ್ನಡದಲ್ಲಿ ಚಿತ್ರಕಥೆಯಾಗಿ ತಂದಿದ್ದಾಗಿ, ಅಮರ ಚಿತ್ರ ಕಥೆಯ ಮೊದಲ ಪುಸ್ತಕಗಳು ಕನ್ನಡದವೇ ಅಂತ ಹೇಳಿದ್ದಾರೆ. ದೆಹಲಿಯ ಟಿವಿ ಕಥೆ ಎಲ್ಲರ ಬಾಯಲ್ಲಿದೆ, ಬೆಂಗಳೂರಿನ ಈ ಕಥೆ ಕನ್ನಡದವರಿಗೇ ಸರಿಯಾಗಿ ಗೊತ್ತಿಲ್ಲ.

ನನಗೆ ಆಸೆ, ಇದನ್ನು ದೊಡ್ಡದಾಗಿ ಹಾಕಬೇಕು ಅಂತ. ನಮ್ಮ ಭಾಷೆಯ ವಿಷಯ, ಬಿಡಲು ಮನಸ್ಸು ಬರಲಿಲ್ಲ. ಹುಡುಗ ಬೇಡ ಅಂದ, ಪೈ ಅವರ ಕಥೆಯಲ್ಲಿ ಪೈ ಅವರೇ ಇಲ್ಲದ ಪುಟ ಆಗುತ್ತದೆ ಅಂತ ಅವನ ವಾದ. ಎರಡು ದಿನ ಫೋನಿನಲ್ಲಿ ಮಾತಾಡಿದೆವು. ಕೊನೆಗೆ ದೊಡ್ಡಪ್ಪ ಒಂದು ದಾರಿ ಹೇಳಿದರು. ಕೃಷ್ಣ ಪುಸ್ತಕವನ್ನು ಮಗುವೊಂದು ಕೈಯಲ್ಲಿ ಹಿಡಿದ ಚೌಕ. ಮೂಲೆಯಲ್ಲಿ 11 ಅಂತ ದೊಡ್ಡದಾಗಿ ಕಾಣಬೇಕು. ಮಗು ಕೇಳುತ್ತದೆ, "ಇದು ಹನ್ನೊಂದು. ಹಾಗಾದ್ರೆ ಒಂದು ಎಲ್ಲಿ?" ಪಕ್ಕದ ಚೌಕದಲ್ಲಿ ಬೆಂಗಳೂರು, ಅನಂತರಾಮ್, ಹತ್ತು ಕನ್ನಡ ಪುಸ್ತಕ. ಎರಡು ಚೌಕದಲ್ಲಿ ಮುಗಿಯಿತು. ಇಬ್ಬರು ಅನಂತರೂ ಒಂದೇ ಪುಟದಲ್ಲಿ ಬಂದರು.

ಈಗ ಐದನೇ ಪುಟಕ್ಕೆ, ಅಂದರೆ ಮೇಜಿನ ಪ್ರಶ್ನೆಗೆ ವಾಪಸ್ ಬರುತ್ತೇನೆ.

ನಾವು ಮೂವರೂ ದೊಡ್ಡಪ್ಪನ ಮನೆ ಚಾವಡಿಯಲ್ಲಿ ಕೂತಿದ್ದೆವು. ಅವರ ಮುಂದೆ ನಮ್ಮದೇ ಪುಟಗಳು ಹರಡಿದ್ದವು. ಎಲ್ಲದರ ಮೇಲೂ ಕೆಂಪು ಗೆರೆ, ಬಾಣ, ಅಂಚಿನಲ್ಲಿ ಪ್ರಶ್ನೆ. ಹುಡುಗ ಅದನ್ನೇ ನೋಡುತ್ತಿದ್ದ. ಒಮ್ಮೆಲೇ "ಟೀಚರ್, ಮನುಷ್ಯ ಬೇಡ, ಮೇಜನ್ನೇ ಬಿಡಿಸ್ತೇನೆ" ಅಂದ. ಐದನೇ ಪುಟ ಹಾಗೆ ಆಯಿತು. ಆರು ಚೌಕ, ಆರರಲ್ಲೂ ಮೇಲಿನಿಂದ ನೋಡಿದ ಅದೇ ಮೇಜು. ಮೊದಲನೆಯದರಲ್ಲಿ ಬರಿ ಟೈಪ್ ಮಾಡಿದ ಕಥೆ. ಎರಡನೆಯದರಲ್ಲಿ ಅರ್ಧ ಕಥೆಗೆ ಕಾಟು ಬಿದ್ದಿದೆ. ಮೂರನೆಯದರಲ್ಲಿ ಪೆನ್ಸಿಲ್ ಚಿತ್ರ, ಅದರ ಪಕ್ಕ ಚೀಟಿ: "ಬಿಲ್ಲು ಎಡಗೈಯಲ್ಲಿ ಇರಬೇಕು." ನಾಲ್ಕನೆಯದರಲ್ಲಿ ಶಾಯಿ. ಐದನೆಯದರಲ್ಲಿ ಬಣ್ಣ ಮತ್ತು ಅಕ್ಷರ. ಆರನೆಯದರಲ್ಲಿ ಮುಗಿದ ಪುಸ್ತಕ, ಅದರ ಮೇಲೆ ಮಗುವಿನ ಒಂದು ಕೈ. ಪೈ ಅವರು ಇಡೀ ಪುಟದಲ್ಲಿ ಎಲ್ಲೂ ಇಲ್ಲ, ಅವರ ಬಲಗೈ ಮಾತ್ರ ಅಲ್ಲಲ್ಲಿ ಕಾಣುತ್ತದೆ. ಲೈಬ್ರರಿಯಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಬಾಯಲ್ಲಿ ಬರದ ಉತ್ತರ ಆ ಪುಟದಲ್ಲಿದೆ.

ಕೆಲಸ ಒಬ್ಬರದಲ್ಲ ಅನ್ನುವುದೂ ಬರಬೇಕಿತ್ತು. ರಾಮ್ ವಾಯೀರ್ಕರ್, ಪ್ರತಾಪ್ ಮುಲಿಕ್, ದಿಲೀಪ್ ಕದಂ ಇವರ ಕುಂಚ ಇಲ್ಲದೆ ಅಮರ ಚಿತ್ರ ಕಥೆ ಇಲ್ಲ. ಮಹಾಭಾರತವನ್ನೇ 42 ಸಂಚಿಕೆಗಳಲ್ಲಿ ತಂದರು, ಅದರ ಚಿತ್ರ ಕದಂ ಅವರದು. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಅವರಂಥವರು ಬರೆದರು, ತಿದ್ದಿದರು. ಹೊದಿಕೆಯ ಒಳಬದಿ ಪೂರ್ತಿ ಈ ಹೆಸರುಗಳಿಗೆ ಕೊಟ್ಟೆವು.

ಪುಟಗಳು ಅರ್ಧ ಆದಾಗ ಅವನ್ನು ಏಳನೇ ಕ್ಲಾಸಿನ ಮಕ್ಕಳಿಗೆ ತೋರಿಸಿದೆ, ಹಳೇ ಅಮರ ಚಿತ್ರ ಕಥೆಗಳ ಜೊತೆಗೇ. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತು ಕೇಳಿದಳು, "ಟೀಚರ್, ರಾಕ್ಷಸರು ಯಾಕೆ ಎಲ್ಲರೂ ಕಪ್ಪು?" ಕ್ಲಾಸು ನಿಶ್ಶಬ್ದವಾಯಿತು. ಅವಳ ಬಣ್ಣವೂ ಕಪ್ಪು. ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ವಿದ್ವಾಂಸರು ಕೇಳಿದ್ದಾರೆ. ಬಣ್ಣದ ಬಗ್ಗೆ, ಹೆಣ್ಣನ್ನು ಬರಿ ತ್ಯಾಗದ ಮೂರ್ತಿ ಮಾಡಿದ್ದರ ಬಗ್ಗೆ, ಮುಸ್ಲಿಂ ಅರಸರನ್ನು ತೋರಿಸಿದ ರೀತಿಯ ಬಗ್ಗೆ, ಯಾರ ಕಥೆ ಬಂತು ಯಾರದ್ದು ಬರಲಿಲ್ಲ ಅನ್ನುವುದರ ಬಗ್ಗೆ ಬರೆದಿದ್ದಾರೆ. ನಾನು ಅದನ್ನು ಓದಿದ್ದೆ. ಆದರೆ ನನ್ನ ಸ್ಕ್ರಿಪ್ಟ್‌ನಲ್ಲಿ ಅದಕ್ಕೆ ಜಾಗ ಇಟ್ಟಿರಲಿಲ್ಲ, ಮೆಚ್ಚಿಕೊಂಡವರ ಕಥೆ ಬರೆಯುವಾಗ ಹಾಗಾಗುತ್ತದೆ. ಅವಳಿಗೆ ನಿಜವನ್ನೇ ಹೇಳಿದೆ: ಹಾಗೆ ಬಿಡಿಸಿದ್ದು ತಪ್ಪು, ನೀನು ಕೇಳಿದ್ದು ಸರಿ. ಆ ರಾತ್ರಿ ಹುಡುಗನಿಗೆ ಫೋನ್ ಮಾಡಿ ಹದಿಮೂರನೇ ಪುಟ ಬಿಚ್ಚಿಸಿದೆ. ಈಗ ಅಲ್ಲಿ ಒಬ್ಬಳು ಹುಡುಗಿ ಪುಸ್ತಕ ಹಿಡಿದು ಅದೇ ಪ್ರಶ್ನೆ ಕೇಳುತ್ತಾಳೆ. ಉತ್ತರ ಕೊಟ್ಟಿಲ್ಲ, ಪಕ್ಕದಲ್ಲಿ ಒಂದು ಖಾಲಿ ಚೌಕ ಬಿಟ್ಟಿದ್ದೇವೆ. ನೀವೇ ಒಬ್ಬ ರಾಕ್ಷಸನನ್ನು ಬಿಡಿಸಿ, ನಿಮಗೆ ಸರಿ ಕಂಡ ಬಣ್ಣ ಹಾಕಿ ಅಂತ ಬರೆದಿದೆ. ಒಬ್ಬರು ಹಿರಿಯರಿಗೆ ಇದು ಹಿಡಿಸಲಿಲ್ಲ, ಊರಿನ ದೊಡ್ಡವರ ಮೇಲೆ ಯಾಕೆ ಮಾತು ಅಂದರು. ನಾನು ತೆಗೆಯಲಿಲ್ಲ. ಓದುವ ಮಗುವಿನ ಪ್ರಶ್ನೆಗೆ ಜಾಗ ಕೊಟ್ಟ ಸಂಪಾದಕರ ಪುಸ್ತಕದಲ್ಲಿ ಮಗುವಿನ ಪ್ರಶ್ನೆಗೇ ಜಾಗ ಇಲ್ಲದಿದ್ದರೆ ಹೇಗೆ?

ಅವರು ಹಾಗೆ ಜಾಗ ಕೊಟ್ಟದ್ದಕ್ಕೆ ಟಿಂಕಲ್ ಸಾಕ್ಷಿ. 1980ರ ನವೆಂಬರ್‌ನಲ್ಲಿ ಮೊದಲ ಸಂಚಿಕೆ ಬಂತು. ಮಕ್ಕಳಿಗೊಂದು ಪತ್ರಿಕೆ ಮಾಡೋಣ ಅಂತ ಸೂಚಿಸಿದವರು ಸುಬ್ಬರಾವ್. ಮೀಟಿಂಗ್ ನಡೆಯುವಾಗ ಅವರಿಗೊಂದು ಫೋನ್ ಬಂತಂತೆ, ಆಮೇಲೆ ಒಂದು ಟಿಂಕಲ್ (ಅಂದರೆ ಫೋನ್) ಕೊಡ್ತೀನಿ ಅಂತ ಹೇಳಿ ಇಟ್ಟರಂತೆ, ಅದೇ ಹೆಸರಾಯಿತು. ಈ ಚೌಕ ನೋಡಿ ಮಕ್ಕಳೆಲ್ಲ ನಕ್ಕರು. ಆದರೆ ಟಿವಿ ಪುಟ ಬಿಟ್ಟರೆ ನಾವು ಜಾಸ್ತಿ ಜಾಗ ಕೊಟ್ಟದ್ದು ಟಿಂಕಲ್‌ನ ಪೆದ್ದ ಪಾತ್ರ ಸುಪ್ಪಾಂಡಿಗೆ. ಯಾಕೆಂದರೆ ಸುಪ್ಪಾಂಡಿ ಆಫೀಸಿನಲ್ಲಿ ಹುಟ್ಟಿದವನಲ್ಲ. 1983ರಲ್ಲಿ ತಿರುಚ್ಚಿಯ ಓದುಗರೊಬ್ಬರು ಕಳಿಸಿದ ಕಥೆಗಳಿಂದ ಬಂದವನು. ಅಂಚೆಯಲ್ಲಿ ಬಂದ ಕಥೆ, ಅದನ್ನು ಕಸದ ಬುಟ್ಟಿಗೆ ಹಾಕದೆ ಓದಿದ ಸಂಪಾದಕರು, ಅದಕ್ಕೆ ಮುಖ ಕೊಟ್ಟ ವಾಯೀರ್ಕರ್. ಚೌಕ ತಲೆ, ಉದ್ದ ಮುಖ, ಇವತ್ತಿಗೂ ಮಕ್ಕಳು ಗುರುತು ಹಿಡಿಯುತ್ತಾರೆ. ಸಾವಿರ ಪತ್ರಗಳ ನಡುವೆ ಒಂದು ಪತ್ರವನ್ನು ಹೀಗೆ ಎತ್ತಿಕೊಳ್ಳುವ ಕಣ್ಣಿದೆಯಲ್ಲ, ಅದಕ್ಕೆ ನಾವು ಹೆಸರು ಕೊಡುವುದಿಲ್ಲ, ಹೊದಿಕೆಯ ಮೇಲೆ ಅದು ಬರುವುದಿಲ್ಲ. ಇಡೀ ಪುಸ್ತಕ ಮಾಡಿದ್ದೇ ಆ ಕಣ್ಣನ್ನು ತೋರಿಸಲು ಅಂತ ನನಗೆ ಆಗ ಅನ್ನಿಸಿತು.

ಚಿತ್ರ ಮುಗಿಯಿತು. ಇನ್ನು ಅಕ್ಷರ. ಇದು ಸುಲಭ ಅಂದುಕೊಂಡಿದ್ದೆ, ಇದೇ ಬಹಳ ಕಷ್ಟ.

ಕನ್ನಡದ ಪದಗಳು ಉದ್ದ. "ಗೊತ್ತಿಲ್ಲದಿದ್ದರೂ" ಒಂದೇ ಪದ, ಮಾತು ಬರೆಯುವ ಬಲೂನಿನ ಒಂದು ಸಾಲು ಪೂರ್ತಿ ಅದಕ್ಕೇ ಬೇಕು. ತುಂಡು ಮಾಡಿ "ಗೊತ್ತಿಲ್ಲದಿ" ಒಂದು ಸಾಲಿಗೆ, "ದ್ದರೂ" ಇನ್ನೊಂದಕ್ಕೆ ಹಾಕಿದರೆ ಓದುವ ಮಗು ಅಲ್ಲೇ ಎಡವುತ್ತದೆ. ಹಾಗಾಗಿ ಬಲೂನಿನ ಅಳತೆಗೆ ಮಾತನ್ನೇ ಬದಲಾಯಿಸಬೇಕು: "ನಂಗೆ ಗೊತ್ತಿಲ್ಲ. ಆದ್ರೂ..." ಒತ್ತಕ್ಷರದ್ದು ಬೇರೆ ಕಷ್ಟ. "ರಾಷ್ಟ್ರ" ಅಂತ ಬರೆದರೆ ಷ ಕೆಳಗೆ ಟ, ಅದರ ಕೆಳಗೆ ರ, ಮಹಡಿ ಮೇಲೆ ಮಹಡಿ. ಅದು ಕೆಳಗಿನ ಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗುತ್ತದೆ. ಇಂಗ್ಲಿಷ್‌ಗೆ ಸಾಲುವ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಆದ್ದರಿಂದ ಇಂಗ್ಲಿಷ್‌ನಲ್ಲಿ ಐದು ಸಾಲು ಹಿಡಿಯುವ ಬಲೂನಿನಲ್ಲಿ ನಮಗೆ ನಾಲ್ಕೇ. ಮೊದಲೇ ಚಿತ್ರದವನಿಗೆ ಇದನ್ನು ಹೇಳಿ ಬಲೂನಿಗೆ ಜಾಗ ಬಿಡಿಸಬೇಕಿತ್ತು. ಹೇಳದೆ ಹೋದ್ದಕ್ಕೆ ಏಳು ಪುಟಗಳಲ್ಲಿ ಅವನು ಆಕಾಶ ಎತ್ತರಿಸಬೇಕಾಯಿತು. ಮೊದಲು ಮಾತಾಡುವವರು ಎಡಗಡೆ ಇರಬೇಕು ಅನ್ನುವುದನ್ನೂ ಆಗಲೇ ಕಲಿತದ್ದು, ಇಲ್ಲದಿದ್ದರೆ ಮಗು ಉತ್ತರವನ್ನು ಮೊದಲು ಓದಿ ಪ್ರಶ್ನೆಯನ್ನು ಆಮೇಲೆ ಓದುತ್ತದೆ.

ಹಳೇ ಕನ್ನಡ ಅಮರ ಚಿತ್ರ ಕಥೆಗಳನ್ನು ಆಗ ಮತ್ತೆ ತೆಗೆದು ನೋಡಿದೆ. ಇಂಗ್ಲಿಷ್‌ಗಾಗಿ ಬಿಡಿಸಿದ ಬಲೂನುಗಳಲ್ಲಿ ಕನ್ನಡ ತುಂಬಿದ ಆ ಅನುವಾದಕರು ಯಾರೋ, ಅವರ ಬಗ್ಗೆ ನನಗೆ ಬಹಳ ಗೌರವ ಬಂತು. ಪ್ರೆಸ್ಸಿನವರು ಒಂದು ವಿಷಯ ಹೇಳಿದರು: ಹಲವು ಭಾಷೆಗಳಲ್ಲಿ ಅಚ್ಚಾಗುವ ಕಾಮಿಕ್ಸ್‌ನಲ್ಲಿ ಅಕ್ಷರ ಎಲ್ಲ ಕಪ್ಪು ಪ್ಲೇಟ್‌ನಲ್ಲೇ ಇರುತ್ತದೆ. ಹಳದಿ, ಕೆಂಪು, ನೀಲಿ ಪ್ಲೇಟುಗಳು ಎಲ್ಲ ಭಾಷೆಗೂ ಅವೇ, ಕಪ್ಪು ಒಂದನ್ನೇ ಬದಲಾಯಿಸಿದರೆ ಸಾಕು. ಖರ್ಚು ಉಳಿಯುತ್ತದೆ. ಅದಕ್ಕಾಗಿಯೇ ಬಲೂನಿನ ಆಕಾರ ಬದಲಾಯಿಸುವಂತಿಲ್ಲ, ಇದ್ದ ಗುಳ್ಳೆಯಲ್ಲೇ ನಮ್ಮ ಮಾತು ಹಿಡಿಸಬೇಕು. 20ಕ್ಕೂ ಹೆಚ್ಚು ಭಾಷೆಗಳಲ್ಲಿ, 400ಕ್ಕೂ ಹೆಚ್ಚು ಪುಸ್ತಕ ಬಂದಿರುವ ಮಾಲೆ ಅದು, ಅಷ್ಟೂ ಭಾಷೆಯ ಅನುವಾದಕರು ಇದನ್ನೇ ಮಾಡಿರಬೇಕು.

ಪ್ರೆಸ್ಸಿನಲ್ಲಿ ಒಂದು ಎಡವಟ್ಟು ಆಯಿತು. ನಾನು ಯುನಿಕೋಡ್‌ನಲ್ಲಿ ಕೊಟ್ಟದ್ದನ್ನು ಅವರು ತಮ್ಮ ಹಳೇ ಫಾಂಟಿಗೆ ಬದಲಾಯಿಸಿಕೊಂಡಿದ್ದರು. ಪ್ರೂಫ್ ಬಂತು. ಬಣ್ಣ ನೋಡಿ ನಾನೂ ಹುಡುಗನೂ ಖುಷಿಯಲ್ಲಿದ್ದೆವು. ದೊಡ್ಡಪ್ಪ ಮಾತ್ರ ಬಣ್ಣ ನೋಡಲೇ ಇಲ್ಲ. ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರ ಓದಿದರು. ಮೊದಲ ಚೌಕದಲ್ಲೇ ನಿಂತರು. "ಇದೆಂತ?" ಅಂದರು. ಅರ್ಕಾವೊತ್ತು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಹೋಗಿ "ಕಾರ್ಕಳ" ಇದ್ದದ್ದು "ಕಾಕರ್ಳ" ಆಗಿತ್ತು. ಪುಸ್ತಕದ ಮೊದಲ ಪದ! ವಾಯೀರ್ಕರ್ ಹೆಸರು, ಫರ್ನಾಂಡಿಸ್ ಹೆಸರು, ಎಲ್ಲದರಲ್ಲೂ ಹೀಗೇ. ಒಟ್ಟು 41 ಕಡೆ. ನನಗೆ ಅಳುವೇ ಬಂತು. ಪ್ಲೇಟ್ ಆಗಿರಲಿಲ್ಲ, ಅದೊಂದು ಪುಣ್ಯ. ಎರಡು ದಿನ ಪ್ರೆಸ್ಸಿನಲ್ಲೇ ಕೂತು ಒಂದೊಂದನ್ನೂ ಸರಿ ಮಾಡಿಸಿದೆ. ನಿಮ್ಮಲ್ಲಿ ಯಾರಾದರೂ ಕನ್ನಡದಲ್ಲಿ ಅಚ್ಚು ಹಾಕಿಸುವುದಿದ್ದರೆ ಕಡೆಯ ಪ್ರೂಫ್‌ನಲ್ಲಿ ಬೇರೇನೂ ಬೇಡ, ಅರ್ಕಾವೊತ್ತು ಮಾತ್ರ ಹುಡುಕಿಕೊಂಡು ಒಂದು ಸಲ ಪೂರ್ತಿ ಓದಿ.

ಕೊನೆಯ ಪುಟ ಏನಾಗಬೇಕು ಅಂತ ಬಹಳ ಯೋಚಿಸಿದ್ದೆವು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್, ಅಂದರೆ ಕಾಮಿಕ್ಸ್ ಮೇಳ, ನಡೆಯಿತು, ಪೈ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ಅದಾಗಿ ಕೆಲವೇ ದಿನಕ್ಕೆ, 24ನೇ ತಾರೀಕು, ಮುಂಬೈಯಲ್ಲಿ ತೀರಿಕೊಂಡರು. 81 ವರ್ಷ. ಪ್ರಶಸ್ತಿ, ಹಾರ, ದೀಪ ಬಿಡಿಸಬಹುದಿತ್ತು. ಬೇಡ ಅಂತ ಮೂವರಿಗೂ ಅನ್ನಿಸಿತು. ಇಸವಿ ಹೇಳುವ ಒಂದು ಸಣ್ಣ ಪಟ್ಟಿ ಮೇಲೆ. ಕೆಳಗೆ ಅದೇ ಮೇಜು, ಕನ್ನಡಕ ಮಡಿಚಿಟ್ಟಿದೆ, ಪಕ್ಕದಲ್ಲಿ ಇನ್ನೂ ಬಿಚ್ಚದ ಒಂದು ಪತ್ರ. ಪುಟದ ಬುಡದಲ್ಲಿ ನಮ್ಮ ಶಾಲೆಯ ವಿಳಾಸ: ನಿಮ್ಮ ಕಥೆ ಕಳಿಸಿ.

ಪುಸ್ತಕ ಹಂಚಿದ್ದು ಸೆಪ್ಟೆಂಬರ್ 17ಕ್ಕೆ. ತಾಲೂಕಿನ ಶಾಲೆಗಳಿಗೆ ಐದೈದು, ಉಳಿದದ್ದು ನಮ್ಮ ಮಕ್ಕಳಿಗೆ. ಭಾಷಣ ಇರಲಿಲ್ಲ. ಮಕ್ಕಳು ಅಲ್ಲಲ್ಲೇ ನೆಲದ ಮೇಲೆ ಕೂತು ಓದಿದರು. ಲೈಬ್ರರಿಯಲ್ಲಿ ಮೊದಲು ಪ್ರಶ್ನೆ ಕೇಳಿದ ಹುಡುಗಿ ಐದನೇ ಪುಟದಲ್ಲಿ ತುಂಬ ಹೊತ್ತು ನಿಂತಳು. ಎಡಗೈ ಬಲಗೈ ಚಾಚಿ ಬಿಲ್ಲು ಹಿಡಿದ ಹಾಗೆ ಮಾಡಿ ನೋಡಿದಳು.

ಇಲ್ಲಿಯವರೆಗೆ 63 ಪತ್ರ ಬಂದಿವೆ. ಕೆಲವು ಬರಿ ಹೆಸರು ಬರೆದ ಕಾಗದ. ಹನ್ನೊಂದು ರಾಕ್ಷಸರು ಬಂದಿದ್ದಾರೆ, ಒಬ್ಬ ಹಳದಿ, ಇಬ್ಬರು ಬಿಳಿ, ಒಬ್ಬನಿಗೆ ಬಣ್ಣವೇ ಹಾಕಿಲ್ಲ. ನಿನ್ನೆ ಬಂದದ್ದು ಐದನೇ ಕ್ಲಾಸಿನ ಒಬ್ಬ ಹುಡುಗನದು, ಎರಡು ಪುಟದ ಕಥೆ. ಅವನ ಅಜ್ಜಿಯ ಮನೆಯ ಬೆಕ್ಕು ದಿನಾ ಒಂದೇ ಬಸ್ಸಿಗೆ ಕಾಯುತ್ತದೆಯಂತೆ, ಯಾಕೆ ಅಂತ ಅವನು ಬರೆಯಲೇ ಇಲ್ಲ, ಕಥೆ ಅಲ್ಲಿಗೇ ನಿಂತಿದೆ. ದೊಡ್ಡಪ್ಪನಿಗೆ ತೋರಿಸಿದೆ. ಅವರು ಕೆಂಪು ಪೆನ್ನು ತೆಗೆದರು, ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತರು, ಎಲ್ಲೂ ಗೆರೆ ಎಳೆಯಲಿಲ್ಲ. ಕೆಳಗಡೆ ಸಣ್ಣದಾಗಿ ಬರೆದರು: "ಬಸ್ಸಿನಲ್ಲಿ ಯಾರು ಬರ್ತಾರೆ?" ಅದನ್ನೇ ಅಂಚೆ ಕಾರ್ಡಿನಲ್ಲಿ ಬರೆದು ಇವತ್ತು ಬೆಳಗ್ಗೆ ಡಬ್ಬಿಗೆ ಹಾಕಿದ್ದೇನೆ.